ಒಂದು ಮಿಟುಕಿಗೆ ಒಬ್ಬ ತಾತ

ನನ್ನ ಅಣ್ಣ ಫ್ಲೋರಿಯೋಸ್ ಮತ್ತು ಅವನ ಬೀಗ ಪ್ರೊಕೋಪಿಸ್ ಇಬ್ಬರೂ ಸಭ್ಯ ಗೃಹಸ್ಥರು. ಹಾಗಂತ ಇಬ್ಬರೂ ತಮ್ಮ ತಮ್ಮ ಬಗ್ಗೆ ಹೇಳಿಕೊಳ್ಳುತ್ತಾರೆ. ಒಬ್ಬನಿಗೆ ಮೇಕೆಗಳು, ಇನ್ನೊಬ್ಬನಿಗೆ ಆಲೂಗಡ್ಡೆ ಹೊಲ. ಒಬ್ಬನಿಗೆ ಮಂಡಿನೋವು, ಇನ್ನೊಬ್ಬನಿಗೆ ಸೊಂಟನೋವು. ಇಂಥ ಸಮಬಲರ ನಡುವೆ ಹೋದ ಚಳಿಗಾಲದಲ್ಲಿ ಒಂದು ಗಂಡುಮಗು ಹುಟ್ಟಿತು. ಫ್ಲೋರಿಯೋಸನಿಗೆ ಮಗನ ಮಗ, ಪ್ರೊಕೋಪಿಸನಿಗೆ ಮಗಳ ಮಗ. ಅಂದಿನಿಂದ ನಾಕ್ಸೋಸ್ ದ್ವೀಪದ ನಮ್ಮ ಈ ಬೆಟ್ಟದೂರಿನಲ್ಲಿ ಒಬ್ಬರಿಗೂ ನೆಮ್ಮದಿ ಇಲ್ಲದಾಯಿತು.

ತಕರಾರು ಹೆಸರಿನದು. ನಮ್ಮಲ್ಲಿ ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರಿದ್ದೂ ಇಲ್ಲ. ಆದರೆ ಮಗು ಇನ್ನೂ ಹೊಟ್ಟೆಯಲ್ಲಿದ್ದಾಗ ಪ್ರೊಕೋಪಿಸ್ ಹಾಸಿಗೆ ಹಿಡಿದ. ಅವನ ಮಗಳು ಝಬೆಟಾ ತಲೆದೆಸೆಯಲ್ಲಿ ಕೂತು ಅತ್ತು, ಅಪ್ಪ ಎದ್ದು ಓಡಾಡಿದರೆ ಮಗುವಿಗೆ ಅಪ್ಪನ ಹೆಸರೇ ಇಡುತ್ತೇನೆಂದು ದೇವಮಾತೆಗೆ ಹರಕೆ ಹೊತ್ತಳು. ಅಪ್ಪ ಎದ್ದ. ಎದ್ದವನು ನೇರ ನಮ್ಮ ಅಂಗಳಕ್ಕೆ ಬಂದು ಹರಕೆಯ ಸುದ್ದಿ ಹೇಳಿದ.

“ಅದೂ ಒಂದು ಕಾಯಿಲೆನಾ ಬೀಗರೇ? ನೆಗಡಿ!” ಎಂದ ನನ್ನಣ್ಣ. “ಎರಡು ಬಟ್ಟಲು ಸೂಪು ಹೀರಿ, ಮೂರನೇದಕ್ಕೆ ನಿಂಬೆಹುಳಿ ಸಾಲದು ಅಂತ ಬೈದೋರು ಸಾಯ್ತಾ ಇದ್ರಾ?”

“ಪಾದ್ರಿ ಬಂದು ಹಣೆಗೆ ಸಾಯೋ ಹಾಗಿರೋರಿಗೆ ಹಚ್ಚೋ ಎಣ್ಣೆ ಹಚ್ಚಿ ಹೋಗಿದ್ರು!”

“ಪಾದ್ರಿ ಬಂದಿದ್ದು ಸೂಪಿಗೆ!”

ಇದನ್ನು ನೀವು ಮುದುಕರ ಹಟ ಅಂದುಕೊಳ್ಳಬಹುದು. ಹಟವೇ, ಇಲ್ಲ ಅನ್ನುವುದಿಲ್ಲ. ಆದರೆ ಮೊಮ್ಮಗ ನಿಮ್ಮ ಹೆಸರು ಹೊತ್ತನೆಂದರೆ ನೀವು ಮಣ್ಣಿಗೆ ಹೋದ ಮೇಲೂ ಊರಲ್ಲಿ ಇದ್ದೀರಿ ಎಂದು ಲೆಕ್ಕ. ಇಲ್ಲದಿದ್ದರೆ ಕಲ್ಲಿನ ಮೇಲಿನ ಅಕ್ಷರ ಅಷ್ಟೇ. ಅದಕ್ಕಾಗಿ ಇಬ್ಬರೂ ಹೋರಾಡಿದರು. ನಡುವೆ ಸಿಕ್ಕಿ ಹಣ್ಣಾದವಳು ಝಬೆಟಾ. ಅವಳ ಗಂಡ, ನನ್ನಣ್ಣನ ಮಗ, ಜಗಳ ಶುರುವಾದ ಕೂಡಲೇ ಜೇನುಪೆಟ್ಟಿಗೆ ನೋಡಿಬರುತ್ತೇನೆಂದು ಗುಡ್ಡ ಹತ್ತಿಬಿಡುವ ಪುಣ್ಯಾತ್ಮ. ಅವಳು ಇರುವುದು ಮಾವನ ಮನೆಯಲ್ಲಿ, ಅಪ್ಪನ ಮನೆ ಓಣಿಯ ಆ ತುದಿಗೆ. ಯಾವ ಹೆಸರಿಟ್ಟರೂ ಒಂದು ಬಾಗಿಲು ಅವಳ ಪಾಲಿಗೆ ಮುಚ್ಚುವುದು ಖಂಡಿತ ಎಂದು ಊರಿಗೇ ಗೊತ್ತಿತ್ತು.

“ಅತ್ತೆ, ಹೆಸರೇ ಬೇಡ. ‘ಪುಟ್ಟ’ ಅಂತಲೇ ಇರಲಿ ಬಿಡಿ,” ಎಂದು ನನ್ನ ಹತ್ತಿರ ಅಳುತ್ತಿದ್ದಳು.

ಕಡೆಗೆ ಪಾದ್ರಿ ಅಕಿಂಡಿನೋಸ್ ನ್ಯಾಯ ಹೇಳಿದರು. ಜ್ಞಾನಸ್ನಾನದ ಹೊತ್ತಿಗೆ ಹೆಸರನ್ನು ಬಾಯಿಬಿಟ್ಟು ಹೇಳುವ ಹಕ್ಕು ಮಗುವನ್ನೆತ್ತಿಕೊಂಡು ನಿಲ್ಲುವ ಧರ್ಮತಂದೆಯದು. ಅವನು ಹೇಳಿದ್ದೇ ಹೆಸರು, ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಧರ್ಮತಂದೆ ಯಾರು? ಝಬೆಟಾಳ ತಮ್ಮ ಮರೀನೋಸ್. ಪ್ರೊಕೋಪಿಸನ ಮಗನಾದವನು ಅಪ್ಪನ ಹೆಸರನ್ನೇ ಹೇಳುತ್ತಾನೆಂದು ನನ್ನಣ್ಣ ಮೊದಲೇ ಯೋಚಿಸಬೇಕಿತ್ತು. ಆದರೆ ಮರೀನೋಸ್ ಅಥೆನ್ಸಿನಲ್ಲಿ ಎವ್ಝೋನ್ ಕಾವಲುಪಡೆಯ ಸಿಪಾಯಿ. ಪಾರ್ಲಿಮೆಂಟಿನ ಎದುರು, ಅನಾಮಿಕ ಯೋಧನ ಸಮಾಧಿಯ ಪಕ್ಕ ಕೋವಿ ಹಿಡಿದು ಕಲ್ಲಿನಂತೆ ನಿಲ್ಲುವ ಕೆಲಸ. ಅಂಥವನು ನೆರಿಗೆ ನೆರಿಗೆಯ ಬಿಳಿ ಲಂಗ, ಗೊಂಡೆಯ ಜೋಡು ತೊಟ್ಟು ಮಗುವನ್ನೆತ್ತಿಕೊಂಡು ನಿಂತರೆ ಫೋಟೋ ಹೇಗೆ ಬಂದೀತು ಎಂಬ ಆಸೆಗೆ ನನ್ನಣ್ಣ ತಲೆ ಆಡಿಸಿಬಿಟ್ಟ. ರಾತ್ರಿ ಮಲಗಿದಾಗ ಬುದ್ಧಿ ಬಂತು.

ಬೆಳಿಗ್ಗೆಯಿಂದ ಫೋನು. ಇವನು ಫೋನ್ ಮಾಡಿದನೆಂದು ಅವನು ಮಾಡಿದ, ಅವನು ಮಾಡಿದನೆಂದು ಇವನು. ಮರೀನೋಸ್ ಫೋನ್ ಎತ್ತುವುದನ್ನೇ ಬಿಟ್ಟ. ಪಡೆಗೆ ಆರಿಸುವಾಗ ಅವನ ಎತ್ತರ ಅಳೆದರು, ಎದೆ ಅಳೆದರು. ಬೀಗರ ಜಗಳ ಎದುರಿಸುವ ಧೈರ್ಯ ಅಳೆಯುವ ಪಟ್ಟಿ ಸೈನ್ಯದಲ್ಲೂ ಇಲ್ಲ.

“ಎಲ್ಲಿಗೆ ತಪ್ಪಿಸಿಕೊಳ್ತಾನೆ?” ಎಂದ ನನ್ನಣ್ಣ. “ಓಡಿಹೋಗೋಕೆ ಆಗದ ಜಾಗದಲ್ಲೇ ಹಿಡಿಯೋಣ.”

“ನಾನೂ ಬರ್ತೀನಿ,” ಎಂದ ಪ್ರೊಕೋಪಿಸ್.

ದಾರಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಹಡಗಿನಿಂದ ನೂಕದಿರಲಿ ಎಂದು ನನ್ನನ್ನೂ ಜೊತೆಗೆ ಹೊರಡಿಸಿದರು. ಹುಡುಗನಿಗೆಂದು ನಾನು ಗಾಲಿಯಂತೆ ದುಂಡಗಿನ ಒಂದು ಇಡೀ ಚೀಸನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ.

ಆಗಸ್ಟ್ ತಿಂಗಳ ಅಥೆನ್ಸ್. ಅಮೃತಶಿಲೆಯ ನೆಲದಿಂದ ಬಿಸಿ ಮೇಲೇಳುತ್ತಾ ಕಟ್ಟಡಗಳೆಲ್ಲ ನೀರೊಳಗೆ ಇದ್ದಂತೆ ಅಲುಗುತ್ತಿದ್ದವು. ಅಲುಗದೆ ಇದ್ದವನು ನಮ್ಮ ಮರೀನೋಸ್ ಒಬ್ಬನೇ. ಬೇಸಿಗೆಯ ಖಾಕಿ ಅಂಗಿ, ಬಿಳಿ ಕಾಲುಚೀಲ, ಕೆಂಪು ಟೋಪಿ, ಗಲ್ಲದಿಂದ ತೊಟ್ಟಿಕ್ಕುವ ಬೆವರು. ಕಾವಲಿನವರ ಬೆವರು ಒರೆಸಲೆಂದೇ ಇನ್ನೊಬ್ಬ ಸಿಪಾಯಿ ಇರುತ್ತಾನೆ. ಅವನು ಹತ್ತಿರ ಬಂದು ಮೆಲ್ಲಗೆ ಏನೋ ಕೇಳಿದ. ಮರೀನೋಸ್ ಒಮ್ಮೆ ಕಣ್ಣು ಮಿಟುಕಿಸಿದ. ಸಿಪಾಯಿ ಮುಖ ಒರೆಸಿ ಹೋದ.

“ನೋಡಿದ್ರಾ?” ಎಂದು ಪ್ರೊಕೋಪಿಸ್ ಎದೆಯುಬ್ಬಿಸಿದ. “ಒಂದು ಮಿಟುಕಿದ್ರೆ ಹೌದು, ಎರಡು ಮಿಟುಕಿದ್ರೆ ಇಲ್ಲ. ನನ್ನ ಮಗ ಮಾತಾಡೋದೇ ಹೀಗೆ.”

ಆ ಹೊತ್ತಿಗೆ ಇಬ್ಬರಿಗೂ ಒಂದೇ ಉಪಾಯ ಹೊಳೆಯಿತು. ಅವರ ಜೀವನದಲ್ಲಿ ಅದೇ ಮೊದಲು. ಅಣ್ಣನದಾದರೆ ಒಂದು ಮಿಟುಕು, ಪ್ರೊಕೋಪಿಸನದಾದರೆ ಎರಡು. ಆದರೆ ಎಣಿಸುವವರು ಯಾರು? ಅಣ್ಣನ ಕಣ್ಣಿನ ಮೇಲೆ ಬೀಗನಿಗೆ ನಂಬಿಕೆಯಿಲ್ಲ, ಬೀಗನ ಕಣ್ಣಿನ ಮೇಲೆ ಅಣ್ಣನಿಗಿಲ್ಲ, ನಾನು ಅಣ್ಣನ ತಂಗಿ. ಯಾರ ಕಡೆಯೂ ಅಲ್ಲದ ಸಾಕ್ಷಿಯೊಬ್ಬ ಬೇಕಾಯಿತು.

ಸಾಕ್ಷಿ ಎದುರಿಗೇ ನಿಂತಿದ್ದ. ಹುಲ್ಲಿನ ಟೋಪಿ, ಯಾರೋ ಹೆಂಗಸಿನ ಹೂವಿನ ಛತ್ರಿ, ಬಾಯಿ ಅರ್ಧ ತೆರೆದು ಮರೀನೋಸನನ್ನೇ ನೋಡುತ್ತಿದ್ದ ದಪ್ಪ ಮುದುಕ. ಅವನೂ ಕಾವಲಿನವನಷ್ಟೇ ಅಲುಗದೆ ನಿಂತಿದ್ದನಾದ್ದರಿಂದ ಅವನ ಪಕ್ಕದಲ್ಲೂ ಇಬ್ಬರು ಫೋಟೋ ತೆಗೆಸಿಕೊಂಡು ಹೋದರು. ವಿಚಾರಿಸಿದರೆ ಸರ್ಬಿಯಾದವನು, ಹೆಸರು ಬೋಗೊಸಾವ್, ಬೆಲ್‌ಗ್ರೇಡಿನಲ್ಲಿ ಟ್ರಾಮ್ ಓಡಿಸಿ ನಿವೃತ್ತನಾದವನು. ಬೇಸಿಗೆ ಬೇಸಿಗೆ ನಮ್ಮ ದೇಶಕ್ಕೆ ಬಂದು ಅಷ್ಟಿಷ್ಟು ಮಾತು ಕಲಿತಿದ್ದ. ಪ್ರವಾಸದ ಗುಂಪಿನೊಂದಿಗೆ ಬಂದು ಗುಂಪನ್ನು ಕಳೆದುಕೊಂಡಿದ್ದ, ಬದಲಿಗೆ ಛತ್ರಿ ಸಿಕ್ಕಿತ್ತು. ಇಡೀ ಆಯುಸ್ಸು ಟ್ರಾಮು ಹೋದ ಕಡೆ ಹೋದವನಿಗೆ ಒಬ್ಬನೇ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಲ್ಲೇ ನಿಂತುಬಿಟ್ಟಿದ್ದ.

“ಸ್ವಾಮಿ, ಆ ಹುಡುಗ ಎಷ್ಟು ಸಲ ಕಣ್ಣು ಮಿಟುಕಿಸ್ತಾನೆ ನೋಡಿ ಹೇಳ್ತೀರಾ?” ಎಂದು ಪ್ರೊಕೋಪಿಸ್ ಕೇಳಿದ.

“ಆಗಲಿ,” ಎಂದ ಬೋಗೊಸಾವ್. ಏನು ಕೇಳಿದರೂ ಆಗಲಿ ಅನ್ನುವ ಸ್ವಭಾವ. ಅದೇ ಅವನ ಸಕಲ ಕಷ್ಟಗಳ ಮೂಲ ಎಂದು ಆಮೇಲೆ ಗೊತ್ತಾಯಿತು.

ಫೋಟೋ ತೆಗೆಸಿಕೊಳ್ಳುವವರ ಸಾಲಿನಲ್ಲಿ ನಿಂತು ನನ್ನಣ್ಣ ಮರೀನೋಸನ ಪಕ್ಕ ತಲುಪಿದ. ಕ್ಯಾಮೆರಾ ಕಡೆ ಹಲ್ಲು ಕಿರಿಯುತ್ತಲೇ ಬಾಯಿಯ ಕೊನೆಯಿಂದ ಪಿಸುಗುಟ್ಟಿದ: “ನಂದಾದ್ರೆ ಒಂದು, ನಿಮ್ಮಪ್ಪಂದಾದ್ರೆ ಎರಡು. ಬೇಗ ಹೇಳಪ್ಪ, ಹಿಂದೆ ಜನ ಕಾಯ್ತಿದ್ದಾರೆ.”

ಅದೇ ಕ್ಷಣಕ್ಕೆ ನೆಲದ ಮೇಲಿದ್ದ ಪಾರಿವಾಳಗಳೆಲ್ಲ ಒಮ್ಮೆಲೇ ಎದ್ದವು. ರೆಕ್ಕೆಗಳ ಬೂದು ಮೋಡವೊಂದು ನಮ್ಮೆಲ್ಲರ ಮುಖದ ಮುಂದೆ ಹಾದು, ಬಿಸಿಲೊಳಗೆ ಕರಗಿತು. ಮರೀನೋಸನ ರೆಪ್ಪೆ ಅಲುಗಿದ್ದಂತೂ ನಿಜ.

“ಒಂದು!” ಎಂದ ನನ್ನಣ್ಣ.

“ಎರಡು!” ಎಂದು ಬೀಗ ಕುಣಿದ.

ಮರೀನೋಸ್ ಕೋವಿಯ ಬುಡವನ್ನು ಕಲ್ಲಿಗೆ ಒಂದೇಟು ಕುಟ್ಟಿದ. ನನಗೆ ತೊಂದರೆಯಾಗುತ್ತಿದೆ, ಬಿಡಿಸಿ ಎಂದು ಅದರ ಅರ್ಥ. ಬೆವರೊರೆಸುವ ಸಿಪಾಯಿ ಓಡಿ ಬಂದು, “ಹೋಗ್ರೀ ತಾತ, ಆ ಕಡೆ! ನಿಮ್ಮ ವಯಸ್ಸಿಗಾದ್ರೂ ಮರ್ಯಾದೆ ಬೇಡ್ವಾ?” ಎಂದು ಇಬ್ಬರನ್ನೂ ಮೆಟ್ಟಿಲ ಕೆಳಗೆ ಇಳಿಸಿದ. ನನ್ನ ಚೀಸನ್ನು ಮಾತ್ರ ಗೌರವದಿಂದ ಮೂಸಿ ನೋಡಿ ವಾಪಸು ಕೊಟ್ಟ.

ಇಬ್ಬರೂ ಬೋಗೊಸಾವನ ಒಂದೊಂದು ತೋಳು ಹಿಡಿದರು. “ಕಂಡ್ರಾ?”

“ಕಂಡೆ.” ಅವನ ಕಣ್ಣು ಇನ್ನೂ ಎಲ್ಲೋ ತೇಲುತ್ತಿತ್ತು. “ಬಹಳ ಚೆನ್ನಾಗಿತ್ತು.”

“ಎಷ್ಟು ಸಲ?”

“ಯಾವತ್ತೂ ಯಾರೂ ಹಾಗೆ ಮಾಡಿರಲಿಲ್ಲ,” ಎಂದ. ಅದಕ್ಕಿಂತ ಹೆಚ್ಚು ಬಾಯಿಬಿಡಲಿಲ್ಲ. ಇಂಥ ಗಟ್ಟಿ ಸಾಕ್ಷಿಯನ್ನು ಬೀದಿಯಲ್ಲಿ ಬಿಟ್ಟುಬರುವುದು ಇಬ್ಬರಿಗೂ ಅಪಾಯವಾಗಿ ಕಂಡಿತು. ಭಾನುವಾರ ನಮ್ಮೂರಲ್ಲಿ ಜ್ಞಾನಸ್ನಾನ, ಆ ಹುಡುಗನದೇ ಮನೆಯ ಸಂಭ್ರಮ, ನೀವು ಬರಲೇಬೇಕು ಎಂದರು. ಬೋಗೊಸಾವನ ಕಣ್ಣಲ್ಲಿ ನೀರು ಬಂತು. “ಆಗಲಿ,” ಎಂದ.

ಹಡಗಿನಲ್ಲಿ ಒಪ್ಪಂದವಾಯಿತು. ಸಾಕ್ಷಿಯ ಮನಸ್ಸು ಕೆಡಬಾರದು. ಆದ್ದರಿಂದ ಭಾನುವಾರದ ತನಕ ಅವನ ಕಿವಿಗೆ ಇಬ್ಬರ ಹೆಸರೂ ಬೀಳಕೂಡದು. ಒಬ್ಬರನ್ನೊಬ್ಬರು ಬೀಗರೇ ಎಂದರೆ ಸಾಕು. ಮಾತಾಗಿ, ಇಬ್ಬರೂ ನಡುವೆ ಒಂದು ಕುರ್ಚಿ ಖಾಲಿ ಬಿಟ್ಟು ನಿದ್ದೆ ಹೋದರು.

ನಾನೂ ಬೋಗೊಸಾವನೂ ಮೇಲಟ್ಟದಲ್ಲಿ ಕೂತೆವು. ಸಂಜೆ. ಸಮುದ್ರಕ್ಕೆ ಅಲೆಯೇ ಇರಲಿಲ್ಲ, ದ್ವೀಪಗಳು ಒಂದೊಂದಾಗಿ ನೇರಳೆ ಬಣ್ಣಕ್ಕೆ ತಿರುಗಿ ಹಿಂದೆ ಸರಿಯುತ್ತಿದ್ದವು. ನಾನು ಚೀಸ್ ಕುಯ್ದು ಬ್ರೆಡ್ಡಿನ ಮೇಲಿಟ್ಟು ಕೊಟ್ಟೆ.

“ಅಮ್ಮ, ಆ ಹುಡುಗ ಬೆಳಿಗ್ಗೆಯಿಂದ ಯಾರನ್ನೂ ನೋಡಿರಲಿಲ್ಲ,” ಎಂದ ಅವನು. “ನನ್ನೊಬ್ಬನನ್ನೇ ನೋಡಿ ಕಣ್ಣು ಮಿಟುಕಿಸಿ ಕರೆದ. ‘ಬಾ, ನಮ್ಮನೆಗೆ ಬಾ’ ಅಂತ. ಈ ಹಿರಿಯರು ಅದನ್ನೇ ಹೇಳೋಕೆ ಬಂದ್ರು.”

ನನ್ನ ಬಾಯಿಯಲ್ಲಿದ್ದ ಬ್ರೆಡ್ಡು ಅಲ್ಲೇ ಉಳಿಯಿತು. ಎರಡು ಮನೆಗಳ ಹಣೆಬರಹ ಹೊತ್ತ ಸಾಕ್ಷಿ ಎಣಿಸಿಯೇ ಇರಲಿಲ್ಲ! ಹೇಳಿಬಿಡೋಣವೆಂದು ಬಾಯಿ ತೆರೆದೆ. ಆದರೆ ಅವನ ಮುಖ ನೋಡಿ ಸುಮ್ಮನಾದೆ. ಮದುವೆಗೆ ಹೊರಟ ವರನ ಮುಖದಲ್ಲೂ ನಾನು ಅಂಥ ಸಂತೋಷ ಕಂಡಿಲ್ಲ.

“ನಿಮ್ಮ ಹೆಸರೇನಮ್ಮ?”

“ಅರ್ಗಿರೋ.”

“ಮಕ್ಕಳು, ಮೊಮ್ಮಕ್ಕಳು?”

“ಇಲ್ಲಪ್ಪ. ಗಂಡ ಬೇಗ ಹೋದ. ಅಣ್ಣನ ಮನೇಲಿದೀನಿ.” ಸಮುದ್ರ ಅಷ್ಟು ಸುಮ್ಮನಿರುವಾಗ ಮನುಷ್ಯ ಇನ್ನಷ್ಟು ಮಾತಾಡುತ್ತಾನೆ. “ಹೆಸರಿಗೆ ಬಡಿದಾಡೋಕೆ ಇವರಿಗಾದ್ರೂ ಒಂದು ಮಗು ಇದೆ. ನನ್ನ ಹೆಸರು ನನ್ನ ಜೊತೆಗೇ ಮುಗಿಯುತ್ತೆ,” ಎಂದೆ. ಹೇಳಿದ ಮೇಲೆ ಯಾಕಾದರೂ ಹೇಳಿದೆನೋ ಎಂದು ನಾಚಿಕೆಯಾಯಿತು. ತಿರುಗಿ ನೋಡಿದರೆ ಅವನು ಟೋಪಿಯನ್ನು ಮುಖದ ಮೇಲೆ ಜಾರಿಸಿಕೊಂಡು ಗೊರಕೆ ಹೊಡೆಯುತ್ತಿದ್ದ. ಸದ್ಯ, ಕೇಳಿಸಿಕೊಂಡಿಲ್ಲ ಅಂದುಕೊಂಡೆ.

ಊರಿಗೆ ಕಾಲಿಟ್ಟದ್ದೇ ತಡ, ಬೋಗೊಸಾವ್ ಯಾರು ಎಂಬುದರ ಬಗ್ಗೆ ಓಣಿಗೊಂದು ಕಥೆ ಹುಟ್ಟಿತು. ಕೆಳಗಿನ ಓಣಿಯಲ್ಲಿ ಅವನು ಮಿಟುಕು ಎಣಿಸಲೆಂದೇ ಓದಿ ಪಾಸಾದ ವಿದೇಶಿ ನ್ಯಾಯಾಧೀಶ. ಮೇಲಿನ ಓಣಿಗೆ ಹೋಗುವಷ್ಟರಲ್ಲಿ ಅವನೇ ಮರೀನೋಸನ ದಳಪತಿ, ವೇಷ ಮರೆಸಿಕೊಂಡು ಬಂದಿದ್ದಾನೆ, ಛತ್ರಿಯೊಳಗೆ ಕತ್ತಿಯಿದೆ. ಹೆಸರು ಎತ್ತಬಾರದೆಂಬ ಅಪ್ಪಣೆ ಊರಿಗೆಲ್ಲ ಹಬ್ಬಿತು. ನನ್ನಣ್ಣನ ಹೆಸರೇ ಇರುವ ಚಮ್ಮಾರ ಫ್ಲೋರಿಯೋಸ್ ಈ ಜಗಳಕ್ಕೆ ಸಂಬಂಧವೇ ಇಲ್ಲದವನು. ಆದರೂ ಭಾನುವಾರದ ತನಕ ಅವನನ್ನು ಎಲ್ಲರೂ ‘ಏಯ್’ ಎಂದೇ ಕರೆದರು. ಅವನ ಹೆಂಡತಿ, ನನಗೇನೂ ವ್ಯತ್ಯಾಸ ಕಾಣಲಿಲ್ಲ ಎಂದಳು.

ಊಟದ ಯುದ್ಧ ಆರಂಭವಾಯಿತು. ಮಧ್ಯಾಹ್ನ ನಮ್ಮ ಅಂಗಳದ ಹಿಪ್ಪುನೇರಳೆ ಮರದ ಕೆಳಗೆ ಆಲೂಗಡ್ಡೆ ಹಾಕಿ ಬೇಯಿಸಿದ ಮೇಕೆ. “ಲೇ ಅರ್ಗಿರೋ, ಸಾಕ್ಷಿಗಳ ತಟ್ಟೆ ಖಾಲಿ! ಅರ್ಗಿರೋ, ವೈನು! ಅರ್ಗಿರೋ, ಮೆತ್ತೆ ಎಲ್ಲಿ?” ಸಂಜೆ ಪ್ರೊಕೋಪಿಸನ ಮನೆಯಲ್ಲಿ ವೈನಿನಲ್ಲಿ ಬೇಯಿಸಿದ ಹುಂಜ. ಅಲ್ಲಿ ಬಡಿಸುವ ಹೆಂಗಸಿಲ್ಲವೆಂದು ಅಲ್ಲಿಗೂ ನನ್ನನ್ನೇ ಎಳೆದರು. “ಅರ್ಗಿರೋ ಅಮ್ಮ, ನಿಂಬೆ ತನ್ನಿ. ಅರ್ಗಿರೋ ಅಮ್ಮ, ಇನ್ನೊಂದು ಕಾಲು ಹಾಕಿ.” ಎರಡು ಊಟದ ನಡುವೆ ಸಾಕ್ಷಿ ಮರದಡಿಯ ಮಂಚದಲ್ಲಿ ಮಲಗಿ, ಎಲೆಗಳ ಸಂದಿಯಿಂದ ಬೀಳುವ ಬಿಸಿಲಿನ ಚುಕ್ಕೆಗಳನ್ನು ನೋಡುತ್ತಾ ನಗುತ್ತಿದ್ದ. ಜೀರುಂಡೆಗಳು ಕಿರ್ರೆಂದು ಇಡೀ ಗುಡ್ಡವನ್ನೇ ತೂಗುತ್ತಿದ್ದವು. ಹಾಗೆ ನಗುತ್ತಾ ಮಲಗುವುದು ದೊಡ್ಡ ನ್ಯಾಯಾಧೀಶರ ಲಕ್ಷಣವೆಂದು ಜನ ಬೇಲಿಯಾಚೆ ನಿಂತು ನೋಡಿ ಹೋದರು.

ಊರಧ್ಯಕ್ಷರು ಕೋಟು ಹಾಕಿಕೊಂಡು ಬಂದು ಸ್ವಾಗತ ಭಾಷಣ ಮಾಡಿದರು. “ನಮ್ಮೂರಿನ ಇಬ್ಬರು ಗಣ್ಯರು, ಒಬ್ಬರು ಈ ಬದಿಯವರು, ಇನ್ನೊಬ್ಬರು ಆ ಬದಿಯವರು, ಅವರ ಹೆಸರು ನಾನು ಹೇಳುವುದಿಲ್ಲ...” ಎಂದು ಶುರುಮಾಡಿ, ಹೆಸರಿಲ್ಲದೆ ಭಾಷಣ ಮಾಡುವ ಅಭ್ಯಾಸವಿಲ್ಲದ್ದರಿಂದ ಅಲ್ಲಿಗೇ ಮುಗಿಸಿದರು.

ಆಮೇಲೆ ಪೊಲೀಸಿನವನು ಬಂದ. ಬೋಗೊಸಾವ್ ತನ್ನ ಗುಂಪಿನ ಮುಖಂಡನಿಗೆ ಫೋನ್ ಮಾಡಿ, “ನನ್ನ ಚಿಂತೆ ಬೇಡ, ಗ್ರೀಕ್ ಸೈನ್ಯದವರು ಕರೆದುಕೊಂಡು ಬಂದಿದ್ದಾರೆ, ದ್ವೀಪದಲ್ಲಿ ಇಟ್ಟಿದ್ದಾರೆ,” ಎಂದು ಸಮಾಧಾನ ಹೇಳಿದ್ದನಂತೆ. ಅದು ಅಥೆನ್ಸಿನಲ್ಲೆಲ್ಲ ಸುತ್ತಿ ನಮ್ಮ ಠಾಣೆಗೆ ಬಂದಿತ್ತು.

“ನಿಮ್ಮನ್ನ ಇಲ್ಲಿ ಬಲವಂತವಾಗಿ ಇಟ್ಕೊಂಡಿದ್ದಾರಾ?” ಎಂದು ಪೊಲೀಸಿನವನು ಗಂಭೀರವಾಗಿ ಕೇಳಿದ.

“ಹೌದು,” ಎಂದ ಬೋಗೊಸಾವ್, ತಟ್ಟೆ ತೋರಿಸಿ. “ಬೇಡ ಅಂದ್ರೂ ಬಿಡ್ತಿಲ್ಲ.”

“ಅರ್ಗಿರೋ, ಸಾಹೇಬರಿಗೊಂದು ತಟ್ಟೆ!” ಎಂದ ನನ್ನಣ್ಣ. ತನಿಖೆ ಸೂರ್ಯ ಮುಳುಗುವ ತನಕ ನಡೆಯಿತು.

ಶನಿವಾರ ಝಬೆಟಾ ಮಗುವನ್ನೆತ್ತಿಕೊಂಡು ಸಾಕ್ಷಿಯ ಮುಂದೆ ಬಂದು ನಿಂತಳು. “ಅಂಕಲ್, ನೀವು ಕಂಡಿದ್ದು ಒಂದಾದ್ರೆ ನಮ್ಮಪ್ಪ ನನ್ನ ಮುಖ ನೋಡಲ್ಲ. ಎರಡಾದ್ರೆ ಈ ಮನೇಲಿ ನನಗೆ ಅನ್ನ ಇಳಿಯಲ್ಲ. ನಿಮಗೆ ಕೈ ಮುಗಿತೀನಿ, ಏನೂ ಕಾಣಲಿಲ್ಲ ಅಂದುಬಿಡಿ.” ಅವಳ ಕಣ್ಣೀರು ಮಗುವಿನ ತಲೆ ಮೇಲೆ ಬಿತ್ತು. ಬೋಗೊಸಾವನಿಗೆ ಒಂದು, ಎರಡು ಯಾವುದೂ ಅರ್ಥವಾಗಲಿಲ್ಲ. ಅಳು ಅರ್ಥವಾಯಿತು. ಬೆರಳು ಚಾಚಿದ. ಮಗು ಆ ದಪ್ಪ ಬೆರಳನ್ನು ಹಿಡಿದು ಬಾಯಿಗಿಟ್ಟುಕೊಂಡಿತು.

ಭಾನುವಾರ ಬೆಳಿಗ್ಗೆ ಗಾಳಿ ಎದ್ದಿತು. ಬೇಸಿಗೆಯ ಆ ಒಣಗಾಳಿಗೆ ಆಕಾಶ ನೀಲಿಯಾಗಿಯೇ ಇರುತ್ತದೆ, ಸಮುದ್ರ ಮಾತ್ರ ಬೆಳ್ಳಗೆ ನೊರೆ ಕಾರುತ್ತದೆ. ಪಿರೇಯಸ್ ಬಂದರಿನಲ್ಲಿ ಹಡಗುಗಳನ್ನೆಲ್ಲ ಕಟ್ಟಿಹಾಕಿದರು. ಲಂಗ, ಗೊಂಡೆಯ ಜೋಡುಗಳನ್ನು ಚೀಲದಲ್ಲಿಟ್ಟುಕೊಂಡು ಮರೀನೋಸ್ ಅಲ್ಲೇ ಉಳಿದ. ಪಾದ್ರಿ ಅಕಿಂಡಿನೋಸರಿಗೆ ಫೋನ್ ಮಾಡಿ, ಬರಲಾಗುವುದಿಲ್ಲ, ನನ್ನ ಬದಲು ಯಾರನ್ನಾದರೂ ನಿಲ್ಲಿಸಿ ಎಂದ.

“ನಿಲ್ಲಿಸ್ತೀನಪ್ಪ. ಹೆಸರು ಯಾವುದು, ಅದು ಹೇಳು.”

ಆ ಕಡೆಯಿಂದ ಒಂದು ಕೆಮ್ಮು. ಆಮೇಲೆ, “ಫಾದರ್, ಗಾಳಿ ಜೋರು, ಏನೂ ಕೇಳಿಸ್ತಿಲ್ಲ,” ಎಂಬ ದನಿ ಬಂದು ಫೋನ್ ಸತ್ತಿತು. ದೇಶ ಕಾಯುವ ವೀರ!

ಮುಂದಕ್ಕೆ ಹಾಕೋಣವೆಂದರೆ ಮೇಕೆಗಳು ಆಗಲೇ ಒಲೆಯೊಳಗಿದ್ದವು, ಜ್ಞಾನಸ್ನಾನದ ತೊಟ್ಟಿಯಲ್ಲಿ ನೀರು ಬೆಚ್ಚಗಿತ್ತು, ದ್ವೀಪದ ಅರ್ಧ ಜನ ಅಂಗಳದಲ್ಲಿದ್ದರು. ಯಾರನ್ನು ನಿಲ್ಲಿಸುವುದು? ಈ ಕಡೆಯವರನ್ನು ಆ ಕಡೆಯವರು ಒಪ್ಪಲಿಲ್ಲ, ಆ ಕಡೆಯವರನ್ನು ಈ ಕಡೆಯವರು ಒಪ್ಪಲಿಲ್ಲ. ಧರ್ಮತಂದೆ ಬಾರದಿದ್ದರೆ ದಾರಿಯಲ್ಲಿ ಸಿಕ್ಕ ಪರವೂರ ಕ್ರೈಸ್ತನನ್ನು ಹಿಡಿದು ನಿಲ್ಲಿಸುವ ರೂಢಿ ಅಜ್ಜಿಯರ ಕಾಲದಲ್ಲಿತ್ತು. ಪಾದ್ರಿಗೆ ಅದು ನೆನಪಾಯಿತು. ಎಲ್ಲರ ತಲೆಯೂ ಒಟ್ಟಿಗೆ ಮರದಡಿಯ ಮಂಚದ ಕಡೆ ತಿರುಗಿತು.

“ನಮ್ಮ ಪಂಥದವರೇನಪ್ಪ?” ಎಂದು ಪಾದ್ರಿ ಕೇಳಿದರು. ಬೋಗೊಸಾವ್ ಎದ್ದು ಟೋಪಿ ತೆಗೆದು, ಬಲದಿಂದ ಎಡಕ್ಕೆ ನಮ್ಮ ಹಾಗೆಯೇ ಶಿಲುಬೆಯ ಗುರುತು ಮಾಡಿದ.

“ಈ ಮಗುವಿಗೆ ಧರ್ಮತಂದೆಯಾಗಿ ನಿಲ್ತೀರಾ?”

ಇಬ್ಬರೂ ತಾತಂದಿರು ಮಂಚದ ಹತ್ತಿರಕ್ಕೆ ಸರಿದರು. ಸಾಕ್ಷಿ ತಾನು ಕಂಡದ್ದನ್ನು ಈಗ ದೇವರ ಮುಂದೆ ಹೇಳಲೇಬೇಕು ಎಂಬುದು ಅವರ ಲೆಕ್ಕ.

“ಆಗಲಿ,” ಎಂದ ಬೋಗೊಸಾವ್.

ಹೆಸರು ಹೇಳುವ ತನಕ ತಾಯಿ ಚರ್ಚಿನೊಳಗೆ ಬರುವಂತಿಲ್ಲ, ನಮ್ಮ ಕಡೆಯ ಹಳೆಯ ಪದ್ಧತಿ. ಝಬೆಟಾ ಹೊರಗೆ ಕಲ್ಲುಕಟ್ಟೆಯ ಮೇಲೆ ಕೂತಳು. ಜೊತೆಗೆ ನಾನು. ಗಾಳಿಗೆ ಗಂಟೆಯ ಹಗ್ಗ ಗೋಡೆಗೆ ಬಡಿಯುತ್ತಿತ್ತು, ಕೆಳಗೆ ದೂರದ ಸಮುದ್ರ ಹೊಳೆಯುತ್ತಿತ್ತು. ಒಳಗಿನ ಮಂತ್ರ ಒಮ್ಮೆ ಕೇಳಿಸಿ ಒಮ್ಮೆ ಹಾರಿಹೋಗುತ್ತಿತ್ತು. ಅವಳ ಕೈ ನನ್ನ ಕೈಯೊಳಗೆ ತಣ್ಣಗಾಗಿತ್ತು.

“ಅತ್ತೆ, ಯಾವುದಾದ್ರೂ ಆಗಲಿ, ನೀವು ನನ್ನ ಜೊತೆ ಮಾತು ಬಿಡಬೇಡಿ.”

“ಹುಚ್ಚಿ,” ಎಂದೆ. ಅವಳ ಕೈಯನ್ನು ಉಜ್ಜಿ ಬೆಚ್ಚಗೆ ಮಾಡಿದೆ.

ಹೆಸರು ಕೇಳಿದ ಕೂಡಲೇ ಮಕ್ಕಳೆಲ್ಲ ಓಡಿಬಂದು ತಾಯಿಗೆ ಮುಟ್ಟಿಸಬೇಕು, ಮೊದಲು ಬಂದವರಿಗೆ ಸಿಹಿ. ಒಳಗೆ ಒಮ್ಮೆಲೇ ಎಲ್ಲ ಸದ್ದೂ ನಿಂತಿತು. ಮರುಕ್ಷಣ ಬಾಗಿಲು ಬಡಿದು ಮಕ್ಕಳ ಹಿಂಡು ಅಂಗಳಕ್ಕೆ ಬಿತ್ತು. “ಅರ್ಗಿರಿ! ಅರ್ಗಿರಿ!” ಎಂದು ಕೂಗುತ್ತಾ ನಮ್ಮ ಕಡೆಗೇ ನುಗ್ಗಿತು.

ನಾನು ತಲೆವಸ್ತ್ರ ಬಿಗಿದುಕೊಂಡು ಎದ್ದೆ. “ಬಂದೆ, ಬಂದೆ. ಏನು ಬೇಕಂತೆ? ಟವೆಲ್ಲಾ? ಎಣ್ಣೆನಾ?”

“ಏನೂ ಬೇಡ ಅಜ್ಜಿ! ಪುಟ್ಟನ ಹೆಸರು ಅರ್ಗಿರಿಸ್!”

ನಾನು ಮತ್ತೆ ಕಟ್ಟೆಯ ಮೇಲೆ ಕೂತೆ.

ಒಳಗೆ ನಡೆದದ್ದನ್ನು ಆ ಮೇಲೆ ಊರೆಲ್ಲ ಸೇರಿ ಹೇಳಿದರು. ಪಾದ್ರಿ ತೊಟ್ಟಿಯ ಮುಂದೆ ನಿಂತು “ಹೆಸರು?” ಎಂದರಂತೆ. ಎಣ್ಣೆ ಹಚ್ಚಿದ ಮಗು ಮೀನಿನಂತೆ ಜಾರುತ್ತಿತ್ತು. ಬೋಗೊಸಾವ್ ಎಡಕ್ಕೆ ನೋಡಿದ, ಬೀಗರು. ಬಲಕ್ಕೆ ನೋಡಿದ, ಬೀಗರು. ಊರಿಗೆ ಬಂದಾಗಿನಿಂದ ಅವನ ಕಿವಿಗೆ ತಾತಂದಿರ ಹೆಸರು ಬೀಳಗೊಡದೆ ಎಲ್ಲರೂ ಕಾದಿದ್ದರಲ್ಲ! ಅವನು ಸ್ವಲ್ಪ ಯೋಚಿಸಿ, ಗಟ್ಟಿಯಾಗಿ, “ಅರ್ಗಿರೋ” ಎಂದ. ಪಾದ್ರಿ ಅಕಿಂಡಿನೋಸ್ ಕಣ್ಣೆತ್ತದೆ, ಒಂದು ಗಳಿಗೆಯೂ ತಡಮಾಡದೆ, ಗಂಡುಮಗುವಿಗೆ ಹೊಂದುವಂತೆ “ದೇವರ ದಾಸ ಅರ್ಗಿರಿಸ್” ಎಂದು ಮಗುವನ್ನು ನೀರಿನಲ್ಲಿ ಮುಳುಗಿಸಿಯೇಬಿಟ್ಟರು. ಅವರಿಗೂ ಈ ಜಗಳ ಸಾಕಾಗಿತ್ತು.

ಇಬ್ಬರೂ ತಾತಂದಿರು ಹೊರಗೆ ಬಂದರು. ಇಬ್ಬರ ಮುಖವೂ ಸುಣ್ಣ ಬಳಿದಂತಿತ್ತು.

“ನಂದಲ್ಲ,” ಎಂದ ನನ್ನಣ್ಣ.

“ನಂದೂ ಅಲ್ಲ,” ಎಂದ ಪ್ರೊಕೋಪಿಸ್.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಒಬ್ಬನ ಮುಖದಲ್ಲಿ ಮೆಲ್ಲಗೆ ಬೆಳಕು ಬಂತು. ಅದನ್ನು ಕಂಡು ಇನ್ನೊಬ್ಬನಿಗೂ ಬಂತು. “ಹೋಗಲಿ, ನಿಮ್ಮದಂತೂ ಅಲ್ವಲ್ಲ ಬೀಗರೇ,” ಎಂದು ಇಬ್ಬರೂ ಒಟ್ಟಿಗೇ ಹೇಳಿ ತಬ್ಬಿಕೊಂಡರು. ಮದುವೆಯಲ್ಲೂ ತಬ್ಬಿಕೊಂಡಿರದ ಬೀಗರು! ಝಬೆಟಾ ಅಳುತ್ತಾ ನಗುತ್ತಾ ಒಬ್ಬರಾದ ಮೇಲೊಬ್ಬರ ಕೈಗೆ ಮುತ್ತಿಟ್ಟಳು. ಹರಕೆಯ ಕಥೆ ಏನೆಂದು ಅವಳು ಕೇಳಿದ್ದಕ್ಕೆ, “ದೇವಮಾತೆಗೆ ನಾನು ವಿವರಿಸ್ತೀನಿ. ನೆಗಡಿಯ ವಿಚಾರ ಅವಳಿಗೂ ಗೊತ್ತಿರುತ್ತೆ,” ಎಂದರು ಪಾದ್ರಿ.

ತಬ್ಬುಗೆ ಮುಗಿಸಿ ಬೀಗರಿಬ್ಬರೂ ನನ್ನ ಕಡೆ ತಿರುಗಿದರು. “ಲೇ, ನಿಜ ಹೇಳು,” ಎಂದ ನನ್ನಣ್ಣ. “ಹಡಗಿನಲ್ಲಿ ಏನು ತಿನ್ನಿಸಿದೆ ಅವನಿಗೆ?”

“ಬ್ರೆಡ್ಡು, ಚೀಸು,” ಎಂದೆ.

“ನಾವು ಮೇಕೆ ಕಡಿದ್ವಲ್ಲೋ ಬೀಗ!” ಎಂದು ಪ್ರೊಕೋಪಿಸ್ ಹಣೆ ಚಚ್ಚಿಕೊಂಡ.

ನಾನು ಚರ್ಚಿನ ಹಿಂದಕ್ಕೆ ಹೋಗಿ, ಗಾಳಿಗೆ ಮುಖ ಕೊಟ್ಟು, ಚೆನ್ನಾಗಿ ಅತ್ತೆ. ಖುಷಿಗೆ ಅತ್ತೆ. ಅದರಲ್ಲಿ ಮುಚ್ಚಿಡುವಂಥದ್ದೇನೂ ಇಲ್ಲ. ಬೋಗೊಸಾವ್ ಹುಡುಕಿಕೊಂಡು ಬಂದು, ಒದ್ದೆ ಅಂಗಿಯಲ್ಲೇ, “ಅಮ್ಮ, ತಪ್ಪಾಯ್ತಾ? ನನಗೆ ಈ ಊರಲ್ಲಿ ಗೊತ್ತಿದ್ದ ಹೆಸರು ಅದೊಂದೇ,” ಎಂದ. ಅಂಗಿಯ ತುದಿ ಹಿಂಡಿಕೊಳ್ಳುತ್ತಾ, “ಟ್ರಾಮ್ ಓಡಿಸೋರು ಕೂತಲ್ಲೇ ಗೊರಕೆ ಹೊಡೀತಾರೆ, ಕಿವಿ ಮಾತ್ರ ಎದ್ದಿರುತ್ತೆ,” ಎಂದು ಸೇರಿಸಿ, ಊಟಕ್ಕೆ ಹೋದ.

ಗಾಳಿ ಇಳಿದ ಮೇಲೆ ಮರೀನೋಸ್ ಬಂದ. ಬಾಗಿಲಲ್ಲಿ ತಲೆ ಬಗ್ಗಿಸಿ, ಬೈಗುಳಕ್ಕೆ ಸಿದ್ಧನಾಗಿ ಬಂದವನಿಗೆ ಒಂದೇ ಮೇಜಿನಲ್ಲಿ ಕೂತು ಕುಡಿಯುತ್ತಿದ್ದ ಬೀಗರನ್ನು ಕಂಡು ನಂಬಿಕೆಯೇ ಬರಲಿಲ್ಲ. ಅವತ್ತು ಎಷ್ಟು ಸಲ ಮಿಟುಕಿಸಿದೆ ಎಂದು ಇಬ್ಬರೂ ಕೇಳಿದರು. “ನೀವು ಬಂದಿದ್ರಾ?” ಎಂದ ಅವನು. “ಅಷ್ಟು ಹೊತ್ತು ನಿಂತ್ರೆ ಎದುರಿಗಿರೋದು ಕಾಣಲ್ಲ ಮಾವ. ನಾನು ಕೆಳಗಿನ ಕೊಲ್ಲಿಯಲ್ಲಿ ಈಜ್ತಾ ಇದ್ದೆ. ನೀರು ತಣ್ಣಗಿತ್ತು. ಯಾರೋ ಕಿವಿ ಹತ್ತಿರ ಗುಂಯ್‌ಗುಟ್ಟಿದ್ರು, ಹುಳ ಅಂತ ಕೋವಿ ಕುಟ್ಟಿದೆ.”

ಹೊರಡುವ ದಿನ ಬೋಗೊಸಾವ್ ಛತ್ರಿ ಹಿಡಿದು ಮರೀನೋಸನ ಎದುರು ನಿಂತ. ಅವನ ಎದೆಯ ಗುಂಡಿಗೆ ಇವನ ಟೋಪಿ ತಾಗುತ್ತಿತ್ತು. “ಅವತ್ತು ನೀನು ಕಣ್ಣು ಮಿಟುಕಿಸಿ ಕರೆದದ್ದು ನನ್ನನ್ನೇ ತಾನೇ?”

ಮರೀನೋಸ್ ನನ್ನ ಕಡೆ ನೋಡಿದ. ಅವನು ನೆಟ್ಟಗೆ ನಿಂತು, ಹಿಮ್ಮಡಿ ಜೋಡಿಸಿ, ಒಂದೇ ಒಂದು ಸಲ ಕಣ್ಣು ಮಿಟುಕಿಸಿದ. ಪುಣ್ಯವಂತ, ಆ ಒಂದು ಮಿಟುಕಿಗೆ ಅವನ ಹೇಡಿತನವನ್ನೆಲ್ಲ ನಾನು ಕ್ಷಮಿಸಿಬಿಟ್ಟೆ.

ಅರ್ಗಿರಿಸನನ್ನು ಕೂಗಿ ಕರೆಯುವಾಗ ನಮ್ಮಲ್ಲಿ ಅರ್ಗಿರಿ ಅನ್ನುತ್ತಾರೆ. ನಿನ್ನೆ ಸಂಜೆ ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಅಂಗಳದಿಂದ ಅಣ್ಣನ ದನಿ, “ಅರ್ಗಿರಿ! ಬಾ ಇಲ್ಲಿ!” ಎಂದಿತು. ಅದರ ಹಿಂದೆಯೇ ಪ್ರೊಕೋಪಿಸನ ದನಿ, “ಬೇಡ, ನನ್ನ ಹತ್ರ ಬಾ ಅರ್ಗಿರಿ!” ಎಂದಿತು. ಕೈ ಒರೆಸಿಕೊಂಡು, ಗೊಣಗುತ್ತಾ, ಹೊರಗೆ ಓಡಿದೆ.

“ಏನ್ರಪ್ಪಾ? ನೀರಾ, ವೈನಾ?”

“ನಿನ್ನನ್ನಲ್ಲ ಕಣೇ ಕರೆದಿದ್ದು,” ಎಂದ ಅಣ್ಣ, ತಿರುಗಿ ಕೂಡ ನೋಡದೆ. ಇಬ್ಬರೂ ನೆಲಕ್ಕೆ ಕೂತು ನಾಲ್ಕು ಕೈ ಚಾಚಿದ್ದರು. ಮಗು ನಡುವೆ ಅಂಬೆಗಾಲಿಟ್ಟು, ಯಾರ ಕಡೆ ಹೋಗಲೆಂದು ತಿಳಿಯದೆ ನಗುತ್ತಿತ್ತು. ನಾನು ಹಿಟ್ಟಿನ ಕೈಯಲ್ಲೇ ಬಾಗಿಲಲ್ಲಿ ನಿಂತು, ಅವರು ಇನ್ನೊಂದು ಸಲ ಕರೆಯಲಿ ಎಂದು ಕಾದೆ.